ಮೂಲೆ ಹೊಲಿಯುವವಳು

ನಮ್ಮೂರ ನದಿ ಆವೆ ಒಂದು ಕಾಲಕ್ಕೆ
ಬುಧವಾರ ನೀಲಿ, ಗುರುವಾರ ಕೆಂಪು ಹರಿಯುತ್ತಿತ್ತು,
ಬಣ್ಣದ ಮನೆಯವರ ಮರ್ಜಿ.
ಈಗ ಬರೀ ನೀರು. ಪೋರ್ಚುಗಲ್ಲಿನಿಂದ ಲೋಕಕ್ಕೆ
ಬಿಳಿ ಚಾದರವೇ ಸಾಕಂತೆ.

ನಾನು ಝುಲ್ಮಿರಾ. ಮೂರನೇ ಸಾಲು, ಕಿಟಕಿ ಪಕ್ಕದ ಯಂತ್ರ.
ಇಪ್ಪತ್ತಾರು ವರ್ಷದಿಂದ ಮೂಲೆ ಹೊಲಿಯುತ್ತೇನೆ,
ಬೇರೇನೂ ಅಲ್ಲ, ಮೂಲೆ:
ಹಾಸಿಗೆಯ ಗದ್ದ ಹಿಡಿದು ಬಿಡದಂತೆ
ಒಳಗೆ ಒಂದು ಎಲಾಸ್ಟಿಕ್ಕು.

ಜನ ನಕ್ಷೆ ನೋಡಿ ದೇಶ ಕಲಿಯುತ್ತಾರೆ,
ನಾನು ಕಲಿತದ್ದು ಟೇಪಿನಿಂದ.
ಇಂಗ್ಲೆಂಡಿನ ಗಂಡಹೆಂಡಿರಿಗೆ ಅಗಲ ನೂರ ಮೂವತ್ತೈದು,
ತಲಾ ಅರವತ್ತೇಳೂವರೆ ಸೆಂಟಿಮೀಟರು,
ಕೂಸಿನ ತೊಟ್ಟಿಲಿಗಿಂತ ತುಸುವೇ ಹೆಚ್ಚು.
ಫ್ರಾನ್ಸಿನವರಿಗೆ ಐದು ಜಾಸ್ತಿ.
ಆ ಐದರಲ್ಲಿ ಏನು ಮಾಡುತ್ತಾರೋ ಎಂದು
ಮೇಸ್ತ್ರಿ ಅಡೆಲಿನು ವರ್ಷವಿಡೀ ಅದೇ ನಗೆಚಾಟಿಕೆ.
ಜರ್ಮನಿಯದು ಉದ್ದ ಎರಡು ಮೀಟರು, ಖಡಾಖಂಡಿತ.
ಮಂಚ ಒಂದೇ, ಹೊದಿಕೆ ಎರಡು.
ಚಳಿಯಲ್ಲೂ ಗಡಿ ಗಡಿಯೇ.
ಅಮೆರಿಕದ್ದು ಇಂಚಿನಲ್ಲಿ ಬರುತ್ತದೆ,
ಅಳತೆಗೆ ರಾಜ, ರಾಣಿ ಅಂತ ಹೆಸರು.
ಅರಸರನ್ನು ಓಡಿಸಿದ ಜನ
ಮಲಗುವಾಗ ಮಾತ್ರ ಕಿರೀಟ ಬಿಡಲಿಲ್ಲ.
ಜಪಾನಿನದೊಂದುಂಟು, ನೂರ ಇಪ್ಪತ್ತರದ್ದು,
ಒಬ್ಬರಿಗೆ ಹೆಚ್ಚು, ಇಬ್ಬರಿಗೆ ಕಡಿಮೆ.
ಅದನ್ನು ಹೊಲಿಯುವ ದಿನ ನನಗೇಕೋ
ಯಾರ ಮಾತೂ ಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಯಾವ ದೇಶದ ಹಾಸಿಗೆ, ಅದನ್ನು ಹೇಳುವುದಿಲ್ಲ.

ಫೆಬ್ರವರಿಯಲ್ಲಿ ಹ್ಯಾಂಬರ್ಗಿನಿಂದ
ಕಂಟೇನರು ಹೋದ ದಾರಿಯಲ್ಲೇ ವಾಪಸು ಬಂತು.
ಮೂರು ಸಾವಿರದ ಇನ್ನೂರು ಚಾದರ,
ಅಗಲ ಐದು ಕಡಿಮೆ, ಉದ್ದ ಹತ್ತು.
ಜರ್ಮನಿಯ ಬಟ್ಟೆಗೆ ಇಂಗ್ಲೆಂಡಿನ ಅಳತೆ.
ಯಾರೋ ಕಾರ್ಡು ಅದಲುಬದಲು ಮಾಡಿದ್ದರು.
ಯಾರೋ ಅಂದರೆ,
ಆ ವಾರ ನನ್ನ ಕನ್ನಡಕ ಮುರಿದಿತ್ತು,
ಕತ್ತರಿ ಕೋಣೆಗೆ ಕಾರ್ಡು ಒಯ್ದವಳು ನಾನು.
ಬೈಗುಳ ತಿಂದವನು ಎಲಿಜಿಯು,
ಕತ್ತರಿ ಹಿಡಿದವನು.
ಎರಡು ದಿನದ ಕೂಲಿ ಹಿಡಿದರು.
ಅವನು ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ,
ಪೋಣಿಸಿದ್ದನ್ನೇ ಮತ್ತೆ ಎಳೆದು, ಪೋಣಿಸುತ್ತಿದ್ದೆ.

ಈಸ್ಟರಿಗೆ ಬೋನಸ್ಸಿನ ಬದಲು ಚಾದರ ಹಂಚಿದರು,
ತಲೆಗೆ ನಾಲ್ಕು.
ಈಗ ಇಡೀ ಬೀದಿ ನನ್ನ ತಪ್ಪಿನ ಮೇಲೆ ಮಲಗುತ್ತದೆ.
ಎಲ್ಲಿ ಯಾರು ಮಗ್ಗುಲು ಬದಲಿಸಿದರೂ
ಪುಟಕ್ಕನೆ ಒಂದು ಮೂಲೆ ಕಳಚಿಕೊಳ್ಳುತ್ತದೆ,
ಗೋಡೆಯಾಚೆ ಅದು ಕೇಳುವುದಿಲ್ಲ,
ನನಗೆ ಕೇಳುತ್ತದೆ.

ನಮ್ಮ ಮಂಚ ಮಾವ ಮಾಡಿದ್ದು, ಚೆಸ್ಟ್‌ನಟ್ ಮರದ್ದು,
ಗೇಣು ಹಾಕಿ ಅಳೆದದ್ದು, ಅದೂ ಅವನ ಗೇಣು.
ಮೊದಲು ಮುಸುಕಿನ ಜೋಳದ ಸಿಪ್ಪೆ ತುಂಬುತ್ತಿದ್ದರು,
ಹೊರಳಿದರೆ ರಾತ್ರಿಯೇ ಸರಸರ ಅನ್ನುತ್ತಿತ್ತು.
ಯಾವ ದೇಶಕ್ಕೂ ಸೇರದ ಮಂಚ.
ಚಾದರ ಸಾಲದೆ, ಅಡುಗೆಮನೆಯ ಹಳೆ ಪರದೆ ಹರಿದು
ಕಾಲಕಡೆ ಪಟ್ಟಿ ಹಚ್ಚಿದೆ, ಹಳದಿ ನಿಂಬೆಹಣ್ಣಿನದು.
ಔರೆಲಿಯು ಕತ್ತಲಲ್ಲಿ ಹೆಬ್ಬೆರಳಿನಿಂದ
ಹೊಲಿಗೆ ತಡವಿ ಹೇಳುತ್ತಾನೆ:
ಇಲ್ಲಿಗೆ ಇಂಗ್ಲೆಂಡು ಮುಗಿಯಿತು.
ಮುಂದೆ ಯಾವ ದೇಶ?
ಮುಂದೆ ನಮ್ಮ ಒಲೆ.
ನಕ್ಕು ನಿದ್ದೆ ಹೋಗುತ್ತಾನೆ. ಅವನಿಗೂ ಹೇಳಿಲ್ಲ.

ಬ್ರೆಡ್ಡಿನ ಸಾಲಿನಲ್ಲಿ ಹೆಂಗಸರು ದೂರುತ್ತಾರೆ,
ಬೆಳಗಾದರೆ ಚಾದರ ಮೊಣಕಾಲಿಗೆ ಬಂದಿರುತ್ತದೆ ಅಂತ.
ಕೊಡಿ, ಪಟ್ಟಿ ಹಚ್ಚಿ ಕೊಡುತ್ತೇನೆ, ಅನ್ನುತ್ತೇನೆ.
ಕಾಸು ಬೇಡ ಅನ್ನುತ್ತೇನೆ.
ಈ ತಿಂಗಳು ಇದು ಹನ್ನೊಂದನೆಯದು.
ಝುಲ್ಮಿರಾಳಂಥ ಮನಸ್ಸು ಯಾರಿಗುಂಟು, ಎಂದು
ಚಾದರದ ಜೊತೆ ಮೊಟ್ಟೆ ಕೊಟ್ಟು ಹೋಗುತ್ತಾರೆ.

ಎಲಿಜಿಯುವಿನ ಮನೆಯದು
ಇನ್ನೂ ಬಂದಿಲ್ಲ.